ಸೆಂಟ್ರಿಫ್ಯೂಜಿಗೆ ದೊಡ್ಡ ಮೋಟಾರು ಹಾಕಬಹುದೆ?

ಪ್ರಶ್ನೆ: ಶಿಡ್ಲಘಟ್ಟದ ಹತ್ತಿರ ನಮ್ಮದೊಂದು ಚಿಕ್ಕ ರೇಷ್ಮೆ ಬಿತ್ತನೆ ಕೋಠಿ (ರೇಷ್ಮೆ ಹುಳುವಿನ ಮೊಟ್ಟೆ ತಯಾರಿಸುವ ಜಾಗ) ಇದೆ. ತಾಯಿ ಚಿಟ್ಟೆಗೆ ಗಂಟುರೋಗ (ಪೆಬ್ರಿನ್) ಇದೆಯೇ ಎಂದು ಅರೆದು ನೋಡುವ ಪರೀಕ್ಷೆಗೆ ನಾಲ್ಕು ಟ್ಯೂಬಿನ ಹಳೆಯ ಸೆಂಟ್ರಿಫ್ಯೂಜ್ (ಟ್ಯೂಬು ತಿರುಗಿಸಿ ಗಸಿ ಇಳಿಸುವ ಯಂತ್ರ) ಬಳಸುತ್ತೇವೆ. 3000 ಆರ್‌ಪಿಎಂ (ನಿಮಿಷಕ್ಕೆ ಅಷ್ಟು ಸುತ್ತು), ಒಂದು ಸರದಿಗೆ 5 ನಿಮಿಷ. ಕೆಲಸ ಜಾಸ್ತಿ ಇರುವ ದಿನ ಟ್ಯೂಬುಗಳು ಸಾಲುಗಟ್ಟಿ ಕಾಯುತ್ತವೆ. ವೈಂಡಿಂಗ್ ಅಂಗಡಿಯವರು 10,000 ಆರ್‌ಪಿಎಂ ಮೋಟಾರು ಕೂರಿಸಿಕೊಡುತ್ತೇವೆ, ಅರ್ಧ ನಿಮಿಷದಲ್ಲಿ ಕೆಲಸ ಮುಗಿಯುತ್ತದೆ ಅನ್ನುತ್ತಾರೆ. ತುಮಕೂರಿನಲ್ಲಿ ಎಂ.ಎಸ್ಸಿ. ಓದುತ್ತಿರುವ ತಂಗಿಯ ಮಗ, ವಿಜ್ಞಾನಿಗಳ ಯಂತ್ರ ನಿಮಿಷಕ್ಕೆ 60 ಸಾವಿರ, ಲಕ್ಷ ಸುತ್ತು ತಿರುಗುತ್ತದೆ ಅನ್ನುತ್ತಾನೆ. ಅವರದು ಅಷ್ಟು ತಿರುಗುವಾಗ ನಮ್ಮದು 10 ಸಾವಿರ ಏಕೆ ತಿರುಗಬಾರದು? ಆ ವೇಗ ಅವರಿಗೆ ಹೇಗೆ ಸಿಕ್ಕಿತು?

ಉತ್ತರ: ಅಂಗಡಿಯವರ ಲೆಕ್ಕ ಸರಿ, ಸಲಹೆ ತಪ್ಪು. ಮೋಟಾರು ಬದಲಿಸಬೇಡಿ.

ಮೊದಲು ಲೆಕ್ಕ ನೋಡೋಣ. ಗಸಿಯನ್ನು ತಳಕ್ಕೆ ಎಳೆಯುವುದು ಆರ್‌ಪಿಎಂ ಅಲ್ಲ, ಭೂಮಿಯ ಸೆಳೆತದ ಎಷ್ಟು ಪಟ್ಟು ಬಲ ಬೀಳುತ್ತದೆ ಅನ್ನುವುದು. ಅದನ್ನು 'ಜಿ' ಎಂದು ಬರೆಯುತ್ತಾರೆ. ನಡುವಿನ ಕಂಬಿಯಿಂದ ಟ್ಯೂಬಿನ ತಳದವರೆಗಿನ ದೂರವನ್ನು ಸೆಂಟಿಮೀಟರಿನಲ್ಲಿ ಅಳೆದು, ಅದನ್ನು ಆರ್‌ಪಿಎಂನಿಂದ ಎರಡು ಸಲ ಗುಣಿಸಿ, ಬಂದದ್ದನ್ನು 0.00001118ರಿಂದ ಗುಣಿಸಿದರೆ ಜಿ ಸಿಗುತ್ತದೆ. ಟ್ಯೂಬು ಅಡ್ಡ ಮಲಗಿದಾಗ ನಿಮ್ಮ ಯಂತ್ರದಲ್ಲಿ ಆ ದೂರ 15 ಸೆಂ.ಮೀ. ಎಂದಿಟ್ಟುಕೊಂಡರೆ 3000 ಆರ್‌ಪಿಎಂಗೆ ಸುಮಾರು 1500 ಜಿ. 10,000ಕ್ಕೆ 16,770 ಜಿ. ವೇಗ ಸುಮಾರು 3.3 ಪಟ್ಟು ಹೆಚ್ಚಿದರೆ ಬಲ ಹನ್ನೊಂದು ಪಟ್ಟು ಹೆಚ್ಚುತ್ತದೆ. 5 ನಿಮಿಷವನ್ನು ಹನ್ನೊಂದರಿಂದ ಭಾಗಿಸಿದರೆ ಅರ್ಧ ನಿಮಿಷಕ್ಕೂ ಕಡಿಮೆ. ಕಾಗದದ ಮೇಲೆ ಎಲ್ಲವೂ ಚೆನ್ನಾಗಿದೆ.

ಈಗ ಅದೇ ಹನ್ನೊಂದು ಪಟ್ಟನ್ನು ಕಬ್ಬಿಣದ ಕಡೆಯಿಂದ ನೋಡಿ. ದ್ರವ ತುಂಬಿದ ಟ್ಯೂಬು, ಅದನ್ನು ಹಿಡಿದ ಬಕೆಟ್ಟು, ತಳದ ರಬ್ಬರು ಸೇರಿ 250 ಗ್ರಾಂ ಎಂದುಕೊಳ್ಳಿ. 1500 ಜಿಯಲ್ಲಿ ಅದು ತೂಗುಹಾಕಿರುವ ಎರಡು ಮೊಳೆಗಳ ಮೇಲೆ ಹೆಚ್ಚುಕಮ್ಮಿ 370 ಕಿಲೋ ಭಾರ ಹಾಕುತ್ತದೆ. 16,770 ಜಿಯಲ್ಲಿ 4 ಟನ್ನಿಗೂ ಮೇಲೆ. ನಾಲ್ಕು ಬಕೆಟ್ಟುಗಳೂ ನಾಲ್ಕು ದಿಕ್ಕಿಗೆ ತಲಾ ಒಂದು ಲಾರಿಯ ಹಾಗೆ ಎಳೆಯುತ್ತಿರುತ್ತವೆ. ಗಾಜಿನ ಟ್ಯೂಬು ಮೊದಲು ಪುಡಿಯಾಗುತ್ತದೆ. ಒಂದು ಕಡೆ ಪುಡಿಯಾದೊಡನೆ ತೂಕ ತಪ್ಪಿ ಇಡೀ ತಲೆ ಕಂಬಿಯಿಂದ ಕಿತ್ತು ಬರುತ್ತದೆ. ಹಳೆಯ ಯಂತ್ರದ ತಗಡಿನ ಹೊರಮೈ ಅದನ್ನು ತಡೆಯಲಾರದು.

ಉಳಿತಾಯವೂ ಬಾಯಿಮಾತಿನದು. ಬ್ರೇಕಿಲ್ಲದ ಯಂತ್ರ 10,000ದಿಂದ ತಾನಾಗಿಯೇ ನಿಲ್ಲಲು ತೆಗೆದುಕೊಳ್ಳುವ ಹೊತ್ತು ನೀವು ಉಳಿಸಿದ ನಾಲ್ಕೂವರೆ ನಿಮಿಷವನ್ನು ನುಂಗಿಬಿಡುತ್ತದೆ. ಅಷ್ಟು ಬಲದಲ್ಲಿ ಒತ್ತಿದ ಗಸಿ ತಳಕ್ಕೆ ಗಾರೆಯಂತೆ ಅಂಟುತ್ತದೆ. ಅದನ್ನು ಬಿಡಿಸಿ ಸ್ಲೈಡಿಗೆ ಹಾಕುವುದೇ ಒಂದು ಕೆಲಸವಾಗುತ್ತದೆ. ಗಂಟುರೋಗದ ಬೀಜಕಣ ಮೂರು ನಾಲ್ಕು ಮೈಕ್ರಾನ್ ಉದ್ದದ್ದು. ಇಷ್ಟು ದೊಡ್ಡ ಕಣಕ್ಕೆ 1500 ಜಿ ಧಾರಾಳ ಸಾಕು.

ಹಾಗಾದರೆ 60 ಸಾವಿರ ಸುತ್ತು ಯಾರಿಗೆ ಬೇಕು, ಅದು ಹೇಗೆ ಬಂತು ಅನ್ನುವ ಎರಡನೆಯ ಪ್ರಶ್ನೆಗೆ ಬರೋಣ. ನನಗೆ ಹೆಚ್ಚು ಇಷ್ಟವಾದದ್ದು ಇದೇ.

ಬರೀ ವೇಗ ಯಾವತ್ತೂ ಕಷ್ಟದ ವಿಷಯವಾಗಿರಲಿಲ್ಲ. ಸೋಡಾ ಮುಚ್ಚಳ ಚಪ್ಪಟೆ ಮಾಡಿ, ಎರಡು ತೂತು ಕೊರೆದು, ದಾರ ಪೋಣಿಸಿ ಮಕ್ಕಳು ಎಳೆದು ಬಿಡುವ ಗಿರಗಿಟ್ಲೆ ಗೊತ್ತಲ್ಲ. ಅದೇ ತತ್ವದಲ್ಲಿ ಅಮೆರಿಕದ ಸ್ಟ್ಯಾನ್‌ಫರ್ಡಿನಲ್ಲಿ ಮನು ಪ್ರಕಾಶ್ ಅವರ ತಂಡ ಕಾಗದದ ಬಿಲ್ಲೆ ಮತ್ತು ದಾರದಿಂದ ಮಾಡಿದ, 20 ಸೆಂಟು ಬೆಲೆಯ ಸೆಂಟ್ರಿಫ್ಯೂಜನ್ನು 2017ರಲ್ಲಿ ಪ್ರಕಟಿಸಿತು. ಅದು ಮುಟ್ಟಿದ್ದು 1,25,000 ಆರ್‌ಪಿಎಂ, 30,000 ಜಿ. ಕರೆಂಟೇ ಇಲ್ಲದೆ, ಬರಿಗೈಯಲ್ಲಿ! ಒಂದೂವರೆ ನಿಮಿಷದಲ್ಲಿ ರಕ್ತದ ಪ್ಲಾಸ್ಮಾ ಬೇರೆಯಾಗುತ್ತದೆ. ಆದರೆ ಅದು ಹೊರುವುದು ಕೂದಲೆಳೆ ಕೊಳವೆಯಲ್ಲಿ ಹಿಡಿಸುವಷ್ಟು ರಕ್ತವನ್ನು ಮಾತ್ರ. ದಾರ ಎಳೆದಾಗಲೆಲ್ಲ ನಿಂತು ಹಿಂದಕ್ಕೆ ತಿರುಗುತ್ತದೆ. ರಕ್ತಕಣಕ್ಕೆ ಅದರಿಂದ ಬಾಧೆಯಿಲ್ಲ. ಪ್ರೋಟೀನಿನಂಥ ಅಣುವನ್ನು ಇಳಿಸಬೇಕಾದರೆ ಗಂಟೆಗಟ್ಟಲೆ ತಿರುಗಬೇಕು, ತಿರುಗುವಷ್ಟು ಹೊತ್ತೂ ಒಳಗಿನ ದ್ರವ ಕೆರೆಯ ನೀರಿನಂತೆ ಅಲುಗಾಡದೆ ನಿಂತಿರಬೇಕು. ಕಷ್ಟ ಇರುವುದು ಇಲ್ಲಿ.

ಕಡೆಗೋಲನ್ನು ನೆನೆಯಿರಿ. ಕಡೆಗೋಲೂ ತಿರುಗುತ್ತದೆ, ಬೆಣ್ಣೆಯೂ ಬೇರೆಯಾಗುತ್ತದೆ. ಆದರೆ ಅದು ಕೆಲಸ ಮಾಡುವುದೇ ಕಲಕಿ. ಜಿಡ್ಡಿನ ಹನಿಗಳ ಹೊರಪೊರೆ ಒಡೆದು ಒಂದಕ್ಕೊಂದು ಅಂಟಿಸುತ್ತದೆ. ಸೆಂಟ್ರಿಫ್ಯೂಜ್ ಕಲಕಿತೋ, ಕೆಟ್ಟಿತು. ಹಾಲಿನ ಸಂಘದಲ್ಲಿ ಹಿಂದಿನಿಂದ ಫ್ಯಾಟ್ ನೋಡುತ್ತಿದ್ದ ಬ್ಯುಟಿರೊಮೀಟರಿನ ಯಂತ್ರವೂ ಸೆಂಟ್ರಿಫ್ಯೂಜೇ. 10 ಮಿ.ಲೀ. ಗಂಧಕಾಮ್ಲ, 10.75 ಮಿ.ಲೀ. ಹಾಲು, 1 ಮಿ.ಲೀ. ಅಮೈಲ್ ಆಲ್ಕೋಹಾಲ್ ಹಾಕಿ, ಕುಲುಕಿ, 1100 ಆರ್‌ಪಿಎಂನಲ್ಲಿ 5 ನಿಮಿಷ ತಿರುಗಿಸುತ್ತಾರೆ. ಕುಲುಕುವುದೆಲ್ಲ ಮೊದಲೇ ಮುಗಿದಿರುತ್ತದೆ, ಯಂತ್ರದೊಳಗೆ ಹೋದ ಮೇಲೆ ಬರೀ ಬೇರ್ಪಡಿಸುವ ಕೆಲಸ.

ಈ ವಿದ್ಯೆಯ ಬೇರು ಕೂಡ ಹಾಲಿನಲ್ಲೇ ಇದೆ. ಸ್ವೀಡನ್ನಿನ ಗುಸ್ತಾಫ್ ದ ಲಾವಾಲ್ 1878ರಲ್ಲಿ ಹಾಲು ಹರಿಯುತ್ತಿರುವಾಗಲೇ ಕೆನೆ ತೆಗೆಯುವ ಸೆಪರೇಟರ್ ಮಾಡಿದರು. ಆಮೇಲೆ ಅವರು ಕಟ್ಟಿದ ಆವಿ ಟರ್ಬೈನು ನಿಮಿಷಕ್ಕೆ 30,000 ಸುತ್ತು ತಿರುಗುತ್ತಿತ್ತು. ಅಲ್ಲಿ ಅವರು ಕಂಡುಕೊಂಡದ್ದು ಮುಂದೆ ಎಲ್ಲರಿಗೂ ದಾರಿಯಾಯಿತು. ಎಷ್ಟೇ ನಿಖರವಾಗಿ ಕಡೆದರೂ ಚಕ್ರದ ತೂಕದ ನಡು ಮತ್ತು ಅಳತೆಯ ನಡು ಕೂದಲೆಳೆಯಷ್ಟಾದರೂ ಬೇರೆ ಇರುತ್ತವೆ. ದಪ್ಪ ಕಂಬಿ ಹಾಕಿದರೆ ಅದು ಅಳತೆಯ ನಡುವಿನ ಸುತ್ತಲೇ ತಿರುಗು ಎಂದು ಹಟ ಹಿಡಿಯುತ್ತದೆ, ಬೇರಿಂಗು ಹೊಡೆದುಕೊಳ್ಳುತ್ತದೆ. ಬಳುಕುವ ತೆಳು ಕಂಬಿ ಹಾಕಿದರೆ ಒಂದು ವೇಗದಲ್ಲಿ ಜೋರಾಗಿ ನಡುಗಿ, ಅದನ್ನು ದಾಟಿದ ಮೇಲೆ ಚಕ್ರ ತನ್ನ ತೂಕದ ನಡುವನ್ನು ತಾನೇ ಹುಡುಕಿಕೊಂಡು ಶಾಂತವಾಗುತ್ತದೆ. ಬುಗುರಿ ಮೊದಲು ಓಲಾಡಿ ಆಮೇಲೆ 'ನಿದ್ದೆ' ಹೋಗುವುದಿಲ್ಲವೆ, ನೋಡಲು ಸುಮಾರು ಹಾಗೆ. ಆ ನಡುಗುವ ವೇಗವನ್ನು ಬೇಗ ದಾಟಬೇಕು, ಅಲ್ಲಿ ನಿಲ್ಲಬಾರದು.

ವಿಜ್ಞಾನದ ಕಥೆ ಶುರುವಾಗುವುದು ಅದೇ ದೇಶದ ಉಪ್ಸಾಲಾದಲ್ಲಿ, ಥಿಯೊಡೋರ್ ಸ್ವೆಡ್ಬೆರ್ಗ್ ಅವರಿಂದ. ಕೊಲಾಯ್ಡ್ ಅಂದರೆ ನೀರಿನಲ್ಲಿ ತೇಲುವ, ಸೂಕ್ಷ್ಮದರ್ಶಕಕ್ಕೂ ಕಾಣದ ಕಣಗಳ ಗಾತ್ರ ಅಳೆಯುವುದು ಅವರ ಗುರಿ. 1923ರಲ್ಲಿ ಅಮೆರಿಕದ ವಿಸ್ಕಾನ್ಸಿನ್‌ಗೆ ಹೋಗಿ ನಿಕೋಲ್ಸ್ ಅನ್ನುವವರ ಜೊತೆ ತಿರುಗುತ್ತಿರುವಾಗಲೇ ಕಣ ಇಳಿಯುವುದನ್ನು ಬೆಳಕು ಹಾಯಿಸಿ ನೋಡುವ ಯಂತ್ರ ಮಾಡಿದರು. ಯಂತ್ರ ತಿರುಗಿತು, ಆದರೆ ದ್ರವ ಒಳಗೊಳಗೇ ಕಲಕಿಹೋಗುತ್ತಿತ್ತು. ಕಣಗಳು ನಡುವಿನಿಂದ ಸುತ್ತಲೂ ಸೂರ್ಯನ ಕಿರಣದಂತೆ ಹರಡಿಕೊಂಡು ಓಡುತ್ತವೆ. ಪಾತ್ರೆಯ ಪಕ್ಕಗಳು ನೆಟ್ಟಗಿದ್ದರೆ ಅಂಚಿನ ಕಣಗಳು ಗೋಡೆಗೆ ಬಡಿದು ಅಲ್ಲೇ ಗುಂಪುಗೂಡುತ್ತವೆ. ಗೋಡೆಯ ಬಳಿಯ ದ್ರವ ಭಾರವಾಗಿ ಜಾರುತ್ತದೆ, ಉಳಿದದ್ದನ್ನೂ ಎಳೆದುಕೊಂಡು ಹೋಗುತ್ತದೆ. ಉಪ್ಸಾಲಾಕ್ಕೆ ಮರಳಿದ ಮೇಲೆ ಹರ್ಮನ್ ರಿಂಡೆ ಜೊತೆ ಸೇರಿ ಪಾತ್ರೆಯ ಆಕಾರವನ್ನೇ ಬದಲಿಸಿದರು. ಒಬ್ಬಟ್ಟನ್ನು ನಡುವಿನಿಂದ ತುಂಡು ಮಾಡಿದರೆ ಬರುವ ಆಕಾರ: ಒಳಗೆ ಕಿರಿದು, ಹೊರಗೆ ಅಗಲ. ಈಗ ಯಾವ ಕಣಕ್ಕೂ ಗೋಡೆ ಅಡ್ಡ ಬರುವುದಿಲ್ಲ. ಇವತ್ತಿನ ಅಳತೆಯ ಸೆಂಟ್ರಿಫ್ಯೂಜುಗಳಲ್ಲೂ ಪಾತ್ರೆ ಅದೇ ಆಕಾರದ್ದು. 1924ರಲ್ಲಿ ಈ ಯಂತ್ರಕ್ಕೆ 'ಅಲ್ಟ್ರಾಸೆಂಟ್ರಿಫ್ಯೂಜ್' ಎಂದು ಹೆಸರಿಟ್ಟರು. ಮೊದಲು ಅಳೆದದ್ದು ನೀರಿನಲ್ಲಿ ತೇಲುವ ಚಿನ್ನದ ಕಣಗಳನ್ನು. ಕೋಲಾರದವರಿಗೆ ಹೇಳುತ್ತೇನೆ, ಅಷ್ಟು ಚಿಕ್ಕ ಚಿನ್ನ ಹಳದಿ ಕಾಣುವುದಿಲ್ಲ, ನೀರು ಕೆಂಪಾಗುತ್ತದೆ.

ಎರಡನೆಯ ಶತ್ರು ಗಾಳಿ. ಜೋರಾಗಿ ತಿರುಗುವ ಚಕ್ರ ಗಾಳಿಯನ್ನು ಉಜ್ಜುತ್ತದೆ, ಬಿಸಿಯಾಗುತ್ತದೆ. ಉಜ್ಜಾಟಕ್ಕೆ ಹೋಗುವ ಶಕ್ತಿ ವೇಗದ ಘನದ ಲೆಕ್ಕದಲ್ಲಿ ಏರುತ್ತದೆ. ನಿಮ್ಮ 3000ದಿಂದ 10,000ಕ್ಕೆ ಹೋದರೆ ಸುಮಾರು 37 ಪಟ್ಟು. ಎಲ್ಲ ಕಡೆ ಒಂದೇ ಸಮ ಬಿಸಿಯಾದರೆ ಹೇಗೋ ತಡೆಯಬಹುದು. ಒಂದು ಮಗ್ಗುಲು ಅರ್ಧ ಡಿಗ್ರಿ ಹೆಚ್ಚು ಬಿಸಿಯಾದರೂ, ಒಲೆಯ ಮೇಲಿನ ಎಸರಿನಂತೆ ದ್ರವದಲ್ಲಿ ಸುಳಿ ಏಳುತ್ತದೆ, ಇಳಿದ ಕಣ ಮತ್ತೆ ಮೇಲೇಳುತ್ತದೆ. ಸ್ವೆಡ್ಬೆರ್ಗ್ ಗಾಳಿಯನ್ನು ತೆಗೆದು ಕಡಿಮೆ ಒತ್ತಡದ ಹೈಡ್ರೋಜನ್ ತುಂಬಿದರು. ಹೈಡ್ರೋಜನ್ ಹಗುರ, ಉಜ್ಜುವುದು ಕಡಿಮೆ, ಹುಟ್ಟಿದ ಬಿಸಿಯನ್ನು ಬೇಗ ಹೊತ್ತುಕೊಂಡು ಹೋಗುತ್ತದೆ. 1926ರ ಹೊತ್ತಿಗೆ ವಿದ್ಯುತ್ ಮೋಟಾರನ್ನೂ ಬಿಟ್ಟು, ಒತ್ತಡದ ಎಣ್ಣೆಯಿಂದ ತಿರುಗುವ ಟರ್ಬೈನು ಹಾಕಿ 1 ಲಕ್ಷ ಜಿ ಮುಟ್ಟಿದರು. ಅದೇ ವರ್ಷ ಅವರಿಗೆ ರಸಾಯನಶಾಸ್ತ್ರದ ನೊಬೆಲ್ ಬಂತು. ಅಲ್ಟ್ರಾಸೆಂಟ್ರಿಫ್ಯೂಜ್ ಸಾರಿ ಹೇಳಿದ ಸುದ್ದಿ ಪ್ರೋಟೀನಿನದು. ರಕ್ತದಲ್ಲಿರುವ ಹಿಮೋಗ್ಲೋಬಿನ್ ಅನ್ನುವ ಪ್ರೋಟೀನು ಹೇಗೆಂದರೆ ಹಾಗೆ ಅಂಟಿಕೊಂಡ ಮುದ್ದೆಯಲ್ಲ, ಸುಮಾರು 67,000 ಅಣುತೂಕದ, ಎಲ್ಲವೂ ಒಂದೇ ಅಳತೆಯ ಅಣುಗಳು ಎಂದು ತೋರಿತು.

ಆಗಿನ ಲೋಹಗಳ ಮಿತಿಯೂ ಗೊತ್ತಾಯಿತು. 1930ರ ದಶಕದಲ್ಲಿ ಇನ್ನೂ ಹೆಚ್ಚಿನ ಜಿಗೆ ಹೋದಾಗ ರೋಟರುಗಳು, ಅಂದರೆ ಮಾದರಿಯನ್ನು ಹೊತ್ತು ತಿರುಗುವ ತಲೆಗಳು, ಸಿಡಿದವು. ಗಟ್ಟಿ ಉಕ್ಕು ಹಾಕಿದರಾಯಿತು ಅನ್ನುವ ಹಾಗಿಲ್ಲ. ತಿರುಗುವ ಲೋಹವನ್ನು ಸೀಳುವ ಎಳೆತಕ್ಕೆ ಕಾರಣ ಅದರದೇ ತೂಕ. ಆ ಎಳೆತ ಲೋಹದ ಸಾಂದ್ರತೆಗೆ, ಅಂಚಿನ ವೇಗದ ವರ್ಗಕ್ಕೆ ತಕ್ಕಂತೆ ಏರುತ್ತದೆ. ಆದ್ದರಿಂದ ಬೇಕಾದದ್ದು ಗಟ್ಟಿಯೂ ಹಗುರವೂ ಆದದ್ದು. ಮೊದಲು ಅಲ್ಯೂಮಿನಿಯಂ ಮಿಶ್ರಲೋಹ, 1960ರ ದಶಕದಲ್ಲಿ ಟೈಟಾನಿಯಂ ಬಂದದ್ದು ಈ ಕಾರಣಕ್ಕೆ. 8 ಸೆಂ.ಮೀ. ತ್ರಿಜ್ಯದ ರೋಟರು 60,000 ಆರ್‌ಪಿಎಂಗೆ ತಿರುಗಿದರೆ ಅಂಚು ಸೆಕೆಂಡಿಗೆ 500 ಮೀಟರ್ ಓಡುತ್ತದೆ, ಶಬ್ದಕ್ಕಿಂತ ಜೋರು. 5 ಕಿಲೋ ತೂಕದ, 9 ಸೆಂ.ಮೀ. ತ್ರಿಜ್ಯದ ಗಟ್ಟಿ ಬಿಲ್ಲೆಯಲ್ಲಿ ಆಗ ತುಂಬಿರುವ ಶಕ್ತಿ, ಒಂದು ಟನ್ ಕಾರು ಕೋಲಾರದ ಹೆದ್ದಾರಿಯಲ್ಲಿ ಗಂಟೆಗೆ 100 ಕಿಲೋಮೀಟರ್ ಓಡುವಾಗ ಇರುವಷ್ಟು. ರೋಟರು ಸಿಡಿದರೆ, ಕಾರು ಗೋಡೆಗೆ ಗುದ್ದಿದ ಹಾಗೆ ಅಷ್ಟೂ ಶಕ್ತಿ ಒಂದೇ ಕ್ಷಣದಲ್ಲಿ ಹೊರಬರುತ್ತದೆ.

ಗಾಳಿಯ ತೊಂದರೆಯನ್ನು ಪೂರ್ತಿ ನೀಗಿಸಿದವರು ಅಮೆರಿಕದ ವರ್ಜೀನಿಯಾ ವಿಶ್ವವಿದ್ಯಾಲಯದ ಜೆಸ್ಸಿ ಬೀಮ್ಸ್ ಮತ್ತು ಅವರ ಶಿಷ್ಯ ಎಡ್ವರ್ಡ್ ಪಿಕಲ್ಸ್. ಹೈಡ್ರೋಜನ್ನೂ ಬೇಡ, ನಿರ್ವಾತವೇ ಇರಲಿ ಅಂದರು. ನಿರ್ವಾತದಲ್ಲಿ ಉಜ್ಜುವುದಕ್ಕೇ ಏನೂ ಇಲ್ಲ. ಆದರೆ ತಿರುಗಿಸುವ ಗಾಳಿ ಟರ್ಬೈನು ಹೊರಗೆ, ರೋಟರು ನಿರ್ವಾತದ ಒಳಗೆ. ಕಂಬಿ ಹಾಯುವ ತೂತಿನಿಂದ ಗಾಳಿ ನುಗ್ಗುತ್ತದಲ್ಲ? ಅವರು ಪಿಯಾನೊ ತಂತಿಯಷ್ಟು ತೆಳುವಾದ ಉಕ್ಕಿನ ತಂತಿಯನ್ನು ಎಣ್ಣೆ ತುಂಬಿದ ಬಿಗಿ ಕೊಳವೆಯ ಮೂಲಕ ಇಳಿಬಿಟ್ಟು, ತುದಿಗೆ ರೋಟರನ್ನು ನೇತುಹಾಕಿದರು. ಎಣ್ಣೆ ಗಾಳಿಯನ್ನು ತಡೆಯಿತು. ತಂತಿ ಬಳುಕುವುದರಿಂದ ಲಾವಾಲರ ಉಪಾಯ ತಾನಾಗಿ ಸಿಕ್ಕಿತು, ರೋಟರು ತನ್ನ ನಡುವನ್ನು ತಾನೇ ಹುಡುಕಿಕೊಂಡಿತು. ಇದು 1935ರ ಸುಮಾರಿನ ಮಾತು. ಒಂದೇ ತಂತಿ ಎರಡು ತೊಡಕು ಬಿಡಿಸಿದ್ದು ನೋಡಿದರೆ, ಈ ಕಥೆಯಲ್ಲೆಲ್ಲ ಇದೇ ಅತಿ ಜಾಣ ಭಾಗ ಅನ್ನಿಸುತ್ತದೆ.

ಪಿಕಲ್ಸ್ ಆಮೇಲೆ ನ್ಯೂಯಾರ್ಕಿನ ರಾಕ್‌ಫೆಲರ್ ಸಂಸ್ಥೆಯಲ್ಲಿ ಗಾಳಿ ಟರ್ಬೈನಿನ ಬದಲು ವಿದ್ಯುತ್ ಮೋಟಾರು ಜೋಡಿಸಿದರು. ನಂತರ ಕ್ಯಾಲಿಫೋರ್ನಿಯಾದಲ್ಲಿ ಪಾಲುದಾರರೊಡನೆ ಸ್ಪಿಂಕೊ ಎಂಬ ಕಂಪನಿ ತೆರೆದು, 1947ರಲ್ಲಿ 'ಮಾಡೆಲ್ ಇ' ಮಾರಿದರು. ಅಲ್ಲಿಯವರೆಗೆ ಅಲ್ಟ್ರಾಸೆಂಟ್ರಿಫ್ಯೂಜ್ ಬೇಕಾದವರು ತಾವೇ ಕಟ್ಟಿಕೊಳ್ಳಬೇಕಿತ್ತು, ಇನ್ನು ಕೊಂಡುಕೊಳ್ಳಬಹುದಾಯಿತು. ಡಿಎನ್‌ಎ ಹೇಗೆ ನಕಲಾಗುತ್ತದೆ ಎಂದು ಮೆಸೆಲ್ಸನ್ ಮತ್ತು ಸ್ಟಾಲ್ 1958ರಲ್ಲಿ ತೋರಿದ್ದು ಇಂಥ ಯಂತ್ರದಲ್ಲೇ. ಸೀಸಿಯಂ ಕ್ಲೋರೈಡ್ ದ್ರಾವಣದಲ್ಲಿ 44,770 ಆರ್‌ಪಿಎಂ, 20 ಗಂಟೆ. ಭಾರದ ನೈಟ್ರೋಜನ್ ಇರುವ ಡಿಎನ್‌ಎಗೂ ಹಗುರ ನೈಟ್ರೋಜನ್ ಇರುವುದಕ್ಕೂ ಇದ್ದ ಸಾಂದ್ರತೆಯ ವ್ಯತ್ಯಾಸ ಒಂದು ಮಿಲಿಲೀಟರಿಗೆ 0.014 ಗ್ರಾಂ ಮಾತ್ರ. ಇಪ್ಪತ್ತು ಗಂಟೆಯಲ್ಲಿ ಯಂತ್ರ ಒಮ್ಮೆ ಮುಗ್ಗರಿಸಿದ್ದರೂ ಆ ಎರಡು ಪಟ್ಟಿ ಕಲೆತುಹೋಗುತ್ತಿದ್ದವು.

ತಂಗಿಯ ಮಗನಿಗೆ ಕೈಗೆ ಸಿಗುವ ಲೆಕ್ಕ ಒಂದು ಹೇಳಿ. ಕಣ ಎಷ್ಟು ಬೇಗ ಇಳಿಯುತ್ತದೆ ಅನ್ನುವುದನ್ನು ಸ್ವೆಡ್ಬೆರ್ಗ್ ಹೆಸರಿನ 'ಎಸ್' ಮಾನದಲ್ಲಿ ಬರೆಯುತ್ತಾರೆ. ಬ್ಯಾಕ್ಟೀರಿಯಾದ ರೈಬೋಸೋಮ್ (ಜೀವಕೋಶದೊಳಗೆ ಪ್ರೋಟೀನು ಕಟ್ಟುವ ಕಣ) 70 ಎಸ್, ಹಿಮೋಗ್ಲೋಬಿನ್ ಸುಮಾರು 4.5 ಎಸ್. ಟ್ಯೂಬಿನ ಮೇಲ್ತುದಿ 3.7 ಸೆಂ.ಮೀ., ತಳ 8.4 ಸೆಂ.ಮೀ. ದೂರದಲ್ಲಿರುವ ರೋಟರಿನಲ್ಲಿ, 60,000 ಆರ್‌ಪಿಎಂಗೆ, ರೈಬೋಸೋಮ್ ತಳ ಸೇರಲು 50 ನಿಮಿಷ, ಹಿಮೋಗ್ಲೋಬಿನ್‌ಗೆ ಸುಮಾರು 13 ಗಂಟೆ. ಅದೇ ಅಳತೆಯ ರೋಟರನ್ನು 13,000ಕ್ಕೆ ತಿರುಗಿಸಿದರೆ ರೈಬೋಸೋಮ್‌ಗೆ ಹದಿನೇಳೂವರೆ ಗಂಟೆ, ಹಿಮೋಗ್ಲೋಬಿನ್‌ಗೆ ಹನ್ನೊಂದು ದಿನಕ್ಕೂ ಹೆಚ್ಚು. ಅಷ್ಟರಲ್ಲಿ ಅಣುಗಳು ತಾವಾಗಿಯೇ ಹಿಂದಕ್ಕೆ ಹರಡಿಕೊಂಡು, ಇಳಿದದ್ದೂ ಇಳಿಯದ ಹಾಗೆ ಆಗುತ್ತದೆ. ಲಕ್ಷ ಸುತ್ತಿನ ಯಂತ್ರ ಅವನು ಹೇಳಿದ್ದು ನಿಜ. ಮೇಜಿನ ಮೇಲೆ ಕೂರುವ ಚಿಕ್ಕ ಅಲ್ಟ್ರಾಸೆಂಟ್ರಿಫ್ಯೂಜುಗಳು 1,50,000 ಆರ್‌ಪಿಎಂವರೆಗೆ, 10 ಲಕ್ಷ ಜಿಗೆ ಹೋಗುತ್ತವೆ. ಅವುಗಳ ರೋಟರು ಅಂಗೈಯಗಲ. ಚಿಕ್ಕದಾದಷ್ಟೂ ಅಂಚಿನ ವೇಗ ಕಡಿಮೆ, ಅದೇ ಗುಟ್ಟು.

ಅಂಥ ಯಂತ್ರ ಮುಟ್ಟುವವನು ಇನ್ನೊಂದು ಲೆಕ್ಕವನ್ನೂ ಬಾಯಿಪಾಠ ಮಾಡಿರಬೇಕು. ರೋಟರಿನ ಮೇಲೆ ಬರೆದಿರುವ ಗರಿಷ್ಠ ವೇಗ ಸಾಮಾನ್ಯವಾಗಿ 1.2 ಸಾಂದ್ರತೆಯ ದ್ರವದವರೆಗೆ ಮಾತ್ರ. 1.7ರ ಸೀಸಿಯಂ ಕ್ಲೋರೈಡ್ ಹಾಕಿದರೆ 1.2ನ್ನು 1.7ರಿಂದ ಭಾಗಿಸಿ ವರ್ಗಮೂಲ ತೆಗೆಯಬೇಕು: 0.84. 60,000ದ ರೋಟರು 50,400ಕ್ಕೆ ಇಳಿಯಿತು. ರೋಟರಿಗೂ ಆಯುಸ್ಸು ಇದೆ. ಪ್ರತಿ ಓಟವನ್ನೂ ಪುಸ್ತಕದಲ್ಲಿ ಬರೆದು, ಹಳೆಯದಾದಂತೆ ವೇಗ ಇಳಿಸಬೇಕು. 1998ರಲ್ಲಿ ಅಮೆರಿಕದ ಒಂದು ವಿಶ್ವವಿದ್ಯಾಲಯದಲ್ಲಿ, ಹಿಂದೆ ಎಷ್ಟೋ ಸಲ ಅದೇ ಕೆಲಸ ಮಾಡಿದ್ದ ದೊಡ್ಡ ಅಲ್ಯೂಮಿನಿಯಂ ರೋಟರು ಹಾಲಿನ ಮಾದರಿ ತಿರುಗಿಸುತ್ತಿರುವಾಗ ಸಿಡಿದು, ಅರ್ಧ ಇಂಚು ದಪ್ಪದ ಉಕ್ಕಿನ ಬಾಗಿಲನ್ನು ಬಗ್ಗಿಸಿ ಹೊರಬಂತು.

ಇನ್ನು ನಿಮ್ಮ ಕೋಠಿಗೆ. ಈ ಕಥೆಯ ಒಂದು ಭಾಗ ನಿಮ್ಮ ಮೇಜಿನ ಮೇಲೂ ನಡೆಯುತ್ತಿದೆ: ಅಲ್ಯೂಮಿನಿಯಂ. ಚಿಟ್ಟೆ ಅರೆಯಲು ನೀವು ಹಾಕುವ 0.6ರಿಂದ 0.8 ಶೇಕಡದ ಪೊಟ್ಯಾಸಿಯಂ ಕಾರ್ಬೊನೇಟ್ ಕ್ಷಾರ. ಅದು ಬಕೆಟ್ಟಿನೊಳಗೆ ಚೆಲ್ಲಿ ಒಣಗಿದರೆ ಅಲ್ಯೂಮಿನಿಯಂ ಕೊರೆಯುತ್ತದೆ. ಮೊದಲು ಬಿಳಿ ಪುಡಿ, ಆಮೇಲೆ ಸೂಜಿಮೊನೆಯಂಥ ಗುಳಿ. ಬಿರುಕು ಹುಟ್ಟುವುದು ಆ ಗುಳಿಯ ತಳದಿಂದ. ದಿನದ ಕೆಲಸ ಮುಗಿದ ಮೇಲೆ ಬಕೆಟ್ಟು, ರಬ್ಬರು ತೆಗೆದು ಬರೀ ನೀರಿನಲ್ಲಿ ತೊಳೆದು ಬೋರಲು ಹಾಕಿ ಒಣಗಿಸಿ. ಬಟ್ಟೆ ಸೋಡಾ, ಪಾತ್ರೆ ತೊಳೆಯುವ ಪುಡಿ ಬೇಡ, ಅವೂ ಕ್ಷಾರವೇ. ಉಗುರಿಗೆ ಗುಳಿ ಸಿಕ್ಕುವ ಬಕೆಟ್ಟನ್ನು ಎಸೆಯಿರಿ.

ಎದುರುಬದುರು ಜೋಡಿಯನ್ನು ದ್ರವದ ಮಟ್ಟ ನೋಡಿ ಸರಿಮಾಡಬೇಡಿ. ಬಕೆಟ್ಟು, ರಬ್ಬರು, ಟ್ಯೂಬು ಸೇರಿಸಿ ತಕ್ಕಡಿಯಲ್ಲಿಟ್ಟು 0.1 ಗ್ರಾಂ ಒಳಗೆ ತನ್ನಿ. 1 ಗ್ರಾಂ ವ್ಯತ್ಯಾಸ 1500 ಜಿಯಲ್ಲಿ ಒಂದೂವರೆ ಕಿಲೋ ಆಗಿ ಸೆಕೆಂಡಿಗೆ 50 ಸಲ ಬೇರಿಂಗನ್ನು ಜಗ್ಗುತ್ತದೆ. ಶುರುವಿನಲ್ಲಿ ಒಂದು ನಡುಕ ಬಂದು ಹೋದರೆ ಸರಿ, ಅದು ಮೇಲೆ ಹೇಳಿದ ದಾಟುವ ವೇಗ. 3000ದಲ್ಲೂ ನಡುಗುತ್ತಿದ್ದರೆ ನಿಲ್ಲಿಸಿ. ನಿಲ್ಲುವವರೆಗೆ ಮುಚ್ಚಳ ತೆರೆಯಬೇಡಿ, ಕೈಯಿಂದ ಹಿಡಿದು ನಿಲ್ಲಿಸುವ ಅಭ್ಯಾಸವಿದ್ದರೆ ಇವತ್ತೇ ಬಿಡಿ. ಗಸಿ ಕಲಕುವುದಂತೂ ಖಂಡಿತ.

ಸಾಲು ಕರಗಿಸಲು ವೇಗ ಹೆಚ್ಚಿಸಬೇಡಿ, ಟ್ಯೂಬು ಹೆಚ್ಚಿಸಿ. ಮೋಟಾರಿಗೆ ಕೊಡುವ ಹಣಕ್ಕೆ ಇನ್ನಷ್ಟು ಸೇರಿಸಿ 8 ಅಥವಾ 16 ಟ್ಯೂಬಿನ ಯಂತ್ರವನ್ನೇ ಕೊಳ್ಳಿ. ಅಲ್ಲಿಯವರೆಗೆ ಬಕೆಟ್ಟುಗಳ ಎರಡನೆಯ ಜೊತೆ ತಂದಿಟ್ಟುಕೊಂಡು, ಒಂದು ತಿರುಗುತ್ತಿರುವಾಗಲೇ ಇನ್ನೊಂದನ್ನು ತೂಗಿ ಸಿದ್ಧಮಾಡಿ. ಎರಡು ಸರದಿಗಳ ನಡುವೆ ಸುಮ್ಮನೆ ಹೋಗುವ ಹೊತ್ತೇ ನಿಮ್ಮ ನಿಜವಾದ ನಷ್ಟ. ಸೋಸುವಾಗ ಹತ್ತಿಯ ಪದರ ಸರಿಯಾಗಿದ್ದರೆ ರೆಕ್ಕೆಯ ಚೂರು ಗಸಿಗೆ ಬರುವುದಿಲ್ಲ, ಸೂಕ್ಷ್ಮದರ್ಶಕದ ಮುಂದೆ ಕೂರುವ ಸಮಯವೂ ಉಳಿಯುತ್ತದೆ.

ಒಂದು ಅನುಮಾನ ಮಾತ್ರ ನನಗಿದೆ. ಹಳೆಯ ಬ್ರಷ್ ಮೋಟಾರಿನ ಯಂತ್ರದಲ್ಲಿ ತಿರುವುವ ಗುಂಡಿಯ ಅಂಕಿ ಆರ್‌ಪಿಎಂ ಅಲ್ಲ. ವೋಲ್ಟೇಜ್ ಬಿದ್ದರೆ ವೇಗವೂ ಬೀಳುತ್ತದೆ. ಪಂಪ್‌ಸೆಟ್ಟುಗಳೆಲ್ಲ ಓಡುವ ಹೊತ್ತಿನಲ್ಲಿ ನಿಮ್ಮ 3000 ನಿಜವಾಗಿ 2400 ಆಗಿರಬಹುದು. ಆಗ ಜಿ ಶೇಕಡ 64ಕ್ಕೆ ಇಳಿಯುತ್ತದೆ, 5 ನಿಮಿಷದ ಕೆಲಸಕ್ಕೆ 7 ನಿಮಿಷ 50 ಸೆಕೆಂಡು ಬೇಕಾಗುತ್ತದೆ. ಒಂದೇ ಒಂದು ರೋಗದ ಚಿಟ್ಟೆ ಕಣ್ಣು ತಪ್ಪಿದರೆ ರೋಗ ಮೊಟ್ಟೆಯ ಮೂಲಕವೇ ರೈತರ ಚಾಕಿಗೆ (ಎಳೆಯ ಹುಳುಗಳಿಗೆ) ಹೋಗುತ್ತದೆ. ಬೆಳಕು ಬಿಟ್ಟು ಸುತ್ತು ಎಣಿಸುವ ಟ್ಯಾಕೋಮೀಟರ್ ಒಂದನ್ನು ಎರವಲು ತನ್ನಿ. ತಲೆಯ ನಡುವಿನ ನಟ್ಟಿಗೆ ಹೊಳೆಯುವ ಪಟ್ಟಿ ಅಂಟಿಸಿ, ಮುಚ್ಚಳದ ಕಿಂಡಿಯ ಮೂಲಕ, ನಾಲ್ಕೂ ಟ್ಯೂಬು ತುಂಬಿದ ಭಾರದಲ್ಲೇ, ಬೆಳಗ್ಗೆ ಒಮ್ಮೆ ಸಂಜೆ ಒಮ್ಮೆ ಅಳೆಯಿರಿ. ಕಿಂಡಿ ಇಲ್ಲದ ಮುಚ್ಚಳವಾದರೆ ತೆರೆದು ಅಳೆಯಲು ಹೋಗಬೇಡಿ, ರಿಪೇರಿಯವರಿಂದ ಅಳೆಸಿ. ಎರಡು ಅಳತೆಗೂ 100 ಆರ್‌ಪಿಎಂಗಿಂತ ಹೆಚ್ಚು ಅಂತರ ಬಂದರೆ, ಮೋಟಾರಿಗೆ ಇಟ್ಟ ದುಡ್ಡಲ್ಲಿ ಮೊದಲು ಒಂದು ಸ್ಟೆಬಿಲೈಸರ್ ತನ್ನಿ.